ಮಣ್ಣಿನ ಕೊಡ: ತಂಪಿನ ಚರಿತ್ರೆ, ಮೈಲಿಗೆಯ ಚರಿತ್ರೆ

ಹನ್ನೆರಡನೆಯ ಶತಮಾನದ ಶರಣಸಮೂಹದಲ್ಲಿ ಮಡಕೆ ಮಾಡುವ ಕಾಯಕದವರೊಬ್ಬರಿದ್ದಾರೆ. ನೀರು ಹೊರುವ ಕಾಯಕದವರೊಬ್ಬರಿದ್ದಾರೆ. ಮೊದಲನೆಯವರು ಬೀದರ ಸೀಮೆಯ ಭಾಲ್ಕಿಯವರೆಂದು ಪ್ರಸಿದ್ಧರಾದ ಕುಂಬಾರ ಗುಂಡಯ್ಯನವರು. ಎರಡನೆಯವರು ಪುಲಿಗೆರೆಯ, ಅಂದರೆ ಇಂದಿನ ಲಕ್ಷ್ಮೇಶ್ವರದ, ಸೋಮನಾಥನ ಭಕ್ತರಾದ ಅಗ್ಘವಣಿ ಹೊನ್ನಯ್ಯನವರು. ಅಗ್ಘವಣಿ ಎಂದರೆ ಪೂಜೆಗೆ ತರುವ ನೀರು. ಗುಂಡಯ್ಯನವರ ಕಥೆಯನ್ನು ಹರಿಹರ ಮಹಾಕವಿಯು ರಗಳೆಯಾಗಿ ರಚಿಸಿರುವುದನ್ನೂ, ಅಲ್ಲಿ ಮಡಕೆಯ ಮೇಲೆ ಬಿದ್ದ ತಾಳಕ್ಕೆ ಶಿವನೇ ಕುಣಿದನೆಂಬ ಪ್ರಸಂಗವನ್ನೂ ಓದುಗರು ಬಲ್ಲರು. ಅವರ ಪುಣ್ಯಸ್ತ್ರೀ ಕೇತಲದೇವಿಯವರ ವಚನವೂ ಕುಂಭೇಶ್ವರ ಎಂಬ ಅಂಕಿತದಲ್ಲಿ ನಮಗೆ ದೊರೆತಿದೆ. ಅದು ಮಣ್ಣಿನ ಹದದ ಮಾತಿನಿಂದಲೇ ಮೊದಲಾಗುತ್ತದೆ.

ಹರಿಹರನ ಪ್ರಸಂಗವನ್ನು ಭಕ್ತಿಯ ಪವಾಡವೆಂದು ಮಾತ್ರ ಓದುವುದು ರೂಢಿ. ಆದರೆ ಕುಂಬಾರನ ಕಾಯಕದಲ್ಲಿ ತಾಳವು ನಿಜಕ್ಕೂ ಇದೆ ಎಂಬುದನ್ನು ಗಮನಿಸಬೇಕು. ತಿಗರಿಯಿಂದ ಇಳಿಸಿದ ಮಡಕೆ ಇನ್ನೂ ದಪ್ಪ ಗೋಡೆಯ, ತಳವಿಲ್ಲದ ಆಕಾರ. ಒಳಗೆ ಗುಂಡಾದ ಕಲ್ಲನ್ನು ಆನಿಸಿ ಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ಒಂದೇ ಸಮನೆ ತಟ್ಟುತ್ತ ತಟ್ಟುತ್ತ ಗೋಡೆಯನ್ನು ತೆಳುವಾಗಿಸಿ, ಹೊಟ್ಟೆಯನ್ನು ಉಬ್ಬಿಸಿ, ತಳವನ್ನು ಮುಚ್ಚಬೇಕು. ಸುಟ್ಟ ಮೇಲೆಯೂ ತಟ್ಟುವುದು ತಪ್ಪದು. ಸಂತೆಯಲ್ಲಿ ಕೊಡ ಕೊಳ್ಳುವ ಹೆಂಗಸರು ಬೆರಳ ಗೆಣ್ಣಿನಿಂದ ಬಡಿದು, ಗಂಟೆಯಂತೆ ನಿನದಿಸಿದರೆ ಕೊಳ್ಳುತ್ತಾರೆ. ಸದ್ದು ಒಡಕಾಗಿದ್ದರೆ ಕೂದಲೆಳೆಯ ಬಿರುಕಿದೆಯೆಂದು ತಿಳಿದು ಕೆಳಗಿಡುತ್ತಾರೆ. ಗುಂಡಯ್ಯನವರ ತಾಳ ಎಲ್ಲಿಂದ ಬಂದಿತೆಂಬುದಕ್ಕೆ ಬೇರೆ ಕಡೆ ಹುಡುಕಬೇಕಾಗಿಲ್ಲ.

ಮಡಕೆಯ ವಿಷಯವನ್ನು ಎತ್ತಿಕೊಳ್ಳಲು ಕಾರಣವಿದೆ. ಕುಡಿಯುವ ನೀರನ್ನು ಹಿಡಿದಿಡುವ, ತಣಿಸುವ ಪಾತ್ರೆಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅದರ ತಂಪನ್ನು ಕೊಂಡಾಡಿ ಸುಮ್ಮನಾಗುತ್ತಾರೆ. ಆ ತಂಪಿಗೆ ಕಾರಣವಾದ ಗುಣವೇ ಒಬ್ಬ ಮನುಷ್ಯನಿಗೆ ನೀರನ್ನು ಕೊಡುವುದಕ್ಕೂ ಕೊಡದಿರುವುದಕ್ಕೂ ನೆಪವಾಯಿತೆಂಬ ಮಾತು ಅಷ್ಟಾಗಿ ಬರುವುದಿಲ್ಲ.

ಮೊದಲು ತಂಪಿನ ವಿಚಾರ. ಕುಂಬಾರರು ಕೆರೆಯಂಗಳದ ಜೇಡಿಮಣ್ಣಿಗೆ ಮರಳನ್ನೋ ಬೂದಿಯನ್ನೋ ಕತ್ತೆಯ ಲದ್ದಿಯನ್ನೋ ಬೆರೆಸಿ ತುಳಿಯುತ್ತಾರೆ. ಆವಿಗೆಯ ಬೆಂಕಿಯಲ್ಲಿ ಲದ್ದಿಯ ನಾರು ಉರಿದುಹೋಗಿ ಅದಿದ್ದ ಕಡೆ ಕಣ್ಣಿಗೆ ಕಾಣದ ರಂಧ್ರಗಳು ಉಳಿಯುತ್ತವೆ. ತುಂಬಿಟ್ಟ ನೀರು ಈ ರಂಧ್ರಗಳ ಮೂಲಕ ಹೊರಮೈಗೆ ಜಿನುಗಿ ಗಾಳಿಗೆ ಆವಿಯಾಗುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲರಿ ಶಾಖ ಬೇಕು. ಅದೇ ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ತಣಿಸಲು ತೆಗೆಯಬೇಕಾದುದು ಒಂದೇ ಕ್ಯಾಲರಿ. ಹೀಗಾಗಿ ಹತ್ತು ಲೀಟರಿನ ಕೊಡದಿಂದ 100 ಮಿಲಿಲೀಟರ್ ನೀರು ಆವಿಯಾಗಿ ಹೋದರೆ, ಹೊರಗಿನ ಶಾಖ ಸೇರದಿದ್ದ ಪಕ್ಷದಲ್ಲಿ, ಉಳಿದ ನೀರು ಸುಮಾರು 6 ಡಿಗ್ರಿಯಷ್ಟು ತಣಿಯುತ್ತದೆ. ನೂರರಲ್ಲಿ ಒಂದು ಪಾಲನ್ನು ಗಾಳಿಗೆ ಒಪ್ಪಿಸಿ ತೊಂಬತ್ತೊಂಬತ್ತು ಪಾಲನ್ನು ತಂಪಾಗಿಸಿಕೊಳ್ಳುವ ಲೆಕ್ಕ ಇದು.

ಗಾಳಿ ಒಣಗಿದಷ್ಟೂ ಆವಿ ಬೇಗ ಏಳುತ್ತದೆ. ಆದುದರಿಂದ ರಾಯಚೂರು, ಕಲಬುರಗಿ, ಬಳ್ಳಾರಿಗಳ 40 ಡಿಗ್ರಿ ಮೀರಿದ ಬಿಸಿಲಿನಲ್ಲಿ ಮಣ್ಣಿನ ಪಾತ್ರೆ ಮಾಡುವ ಉಪಕಾರ ಮಂಗಳೂರಿನ ತೇವದ ಸೆಕೆಯಲ್ಲಿ ಅಷ್ಟಾಗಿ ದೊರೆಯದು. ನೀರಿನ ಹರವಿ, ಕೊಡ, ಕುಡಿಕೆ, ಹೂಜಿ, ತತ್ರಾಣಿ ಮುಂತಾದ ಹೆಸರುಗಳು ಬಯಲುಸೀಮೆಯ ಮಾತಿನಲ್ಲಿ ಇಷ್ಟು ದಟ್ಟವಾಗಿರುವುದಕ್ಕೆ ಇದೂ ಒಂದು ಕಾರಣವಿರಬೇಕು. ಹರವಿ ಮನೆಯ ಮೂಲೆಯಲ್ಲಿ ಮರಳಿನ ಹಾಸಿನ ಮೇಲೆ ಕದಲದೆ ಕೂರುವ ದೊಡ್ಡ ಪಾತ್ರೆ. ಕೊಡ ಸಿಂಬಿಯ ಮೇಲೆ ತಲೆಯೇರಿ ಬಾವಿಗೂ ಮನೆಗೂ ತಿರುಗುವುದು. ತತ್ರಾಣಿ ರೈತನೊಡನೆ ಹೊಲಕ್ಕೆ, ಗಾಡಿಯೊಡನೆ ದೂರದೂರಿಗೆ ಹೋಗುವುದು. ಕೂಜಾ, ಸುರಾಯಿ ಎಂಬ ಎರಡು ಹೆಸರುಗಳು ಸುಲ್ತಾನರ ಕಾಲದ ಪಾರಸಿ ಮಾತಿನ ನೆನಪನ್ನು ಇಂದಿಗೂ ಉಳಿಸಿಕೊಂಡಿವೆ. ಉದ್ದ ಕೊರಳಿನಿಂದ ನೀರು ಸುರಿದುಕೊಳ್ಳಬಹುದೇ ಹೊರತು ಕೈ ಅದ್ದಲಾಗದು. ಈ ಆಕಾರದ ಮಾತು ಮುಂದೆ ಮತ್ತೆ ಬರುತ್ತದೆ.

ಗಡಸು ನೀರಿನ ಊರುಗಳಲ್ಲಿ ಒಂದೆರಡು ಬೇಸಿಗೆ ಕಳೆಯುವಷ್ಟರಲ್ಲಿ ಉಪ್ಪು ಸುಣ್ಣಗಳು ರಂಧ್ರಗಳನ್ನು ಮುಚ್ಚಿಬಿಡುತ್ತವೆ. ಹೊರಮೈಯಲ್ಲಿ ಬಿಳಿಯ ಹೊಪ್ಪಳಿಕೆ ಏಳುತ್ತದೆ, ಕೊಡ ಬೆವರುವುದನ್ನು ನಿಲ್ಲಿಸುತ್ತದೆ. ಶಿವರಾತ್ರಿ ಕಳೆದು ಬಿಸಿಲು ಏರುವ ಹೊತ್ತಿಗೆ ಹೊಸ ಕೊಡ ತರುವ ವಾಡಿಕೆ ಅಂಧಾಚಾರವಲ್ಲ. ಹೊಸದನ್ನು ಒಂದು ದಿನ ನೀರಿನಲ್ಲಿ ನೆನೆಸಿ, ಮೊದಲ ನೀರನ್ನು ಚೆಲ್ಲಿ, ಲಾವಂಚದ ಬೇರಿನ ಕಟ್ಟನ್ನು ಹಾಕಿ, ಗೋಣಿತಟ್ಟನ್ನು ಒದ್ದೆಮಾಡಿ ಸುತ್ತುವುದು ನಮ್ಮ ತಾಯಂದಿರ ವಿಜ್ಞಾನ.

ಈ ವಿಜ್ಞಾನದ ಪ್ರಾಚೀನತೆಯನ್ನು ಅರಿಯಲು ನಮ್ಮ ನಾಡಿನ ಮಣ್ಣೇ ಸಾಕ್ಷಿ. 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ನಡೆಸಿದ ಉತ್ಖನನದಲ್ಲಿ ಕೆಳಗಿನ ಸ್ತರದಿಂದ ನವಶಿಲಾಯುಗದ, ಕೈಯಿಂದಲೇ ಮಾಡಿದ ಬೂದುಬಣ್ಣದ ಮಡಕೆಗಳು ದೊರೆತವು. ಅದರ ಮೇಲಿನ ಸ್ತರದಿಂದ ಬೃಹತ್ ಶಿಲಾಸಮಾಧಿಗಳ ಕಾಲದ ಕಪ್ಪು ಕೆಂಪು ಬಣ್ಣದ ಮಡಕೆಗಳು ದೊರೆತವು. ಗ್ರಂಥಗಳ ಕಡೆಗೆ ಬಂದರೆ ಸುಶ್ರುತಸಂಹಿತೆಯ ನೀರಿನ ಪ್ರಕರಣ ಗಮನಾರ್ಹ. ನೀರನ್ನು ತಣಿಸಲು ಏಳು ಉಪಾಯಗಳನ್ನು ಅದು ಹೇಳುತ್ತದೆ. ಗಾಳಿಗೆ ಇಡುವುದು, ಬೀಸುವುದು, ಕೋಲಿನಿಂದ ತಿರುವುವುದು, ಬಟ್ಟೆಯಲ್ಲಿ ಸೋಸುವುದು, ಮರಳಿನಲ್ಲಿ ಹೂಳುವುದು, ನೆಲವಿನಲ್ಲಿ ತೂಗುಹಾಕುವುದು ಇವುಗಳಲ್ಲಿ ಸೇರಿವೆ. ಕದಡಿದ ನೀರನ್ನು ತಿಳಿಯಾಗಿಸುವ ಏಳು ವಸ್ತುಗಳಲ್ಲಿ ಮೊದಲು ಬರುವುದು ಕತಕ, ಅಂದರೆ ನಮ್ಮ ಚಿಲ್ಲದ ಬೀಜ. ಕೊಡದ ಒಳಮೈಗೆ ಅದನ್ನು ಉಜ್ಜಿದರೆ ಕೆಸರು ತಳಕ್ಕೆ ಇಳಿಯುತ್ತದೆ. ನೀರನ್ನು ಇಡಲು ತಕ್ಕ ಪಾತ್ರೆಗಳನ್ನು ಹೇಳುವಾಗ ಚಿನ್ನ, ಬೆಳ್ಳಿ, ತಾಮ್ರ, ಕಂಚುಗಳ ಸಾಲಿನಲ್ಲಿಯೇ ಮಣ್ಣನ್ನೂ ಸುಶ್ರುತ ಸೇರಿಸುತ್ತಾನೆ. ವೈದ್ಯನ ಕಣ್ಣಿಗೆ ಮಣ್ಣು ಕೀಳಾಗಿ ಕಾಣಲಿಲ್ಲವೆಂಬುದನ್ನು ನೆನಪಿನಲ್ಲಿ ಇಟ್ಟುಕೊಳ್ಳೋಣ.

ಸೋಸುವ ಬಟ್ಟೆಯ ಬಗ್ಗೆ ಇಲ್ಲಿಯೇ ಒಂದು ಮಾತು. ಉತ್ತರ ಕರ್ನಾಟಕದ ಮೆಟ್ಟಿಲುಬಾವಿಗಳ ನೀರು ಕುಡಿದವರಿಗೆ ನಾರುಹುಣ್ಣಿನ ಬಾಧೆ ತಲೆತಲಾಂತರದಿಂದ ಇತ್ತು. ಅದರ ಬೀಜವನ್ನು ಹೊತ್ತ ಸೂಕ್ಷ್ಮ ನೀರುಚಿಗಟಗಳು ಕೊಡದ ಬಾಯಿಗೆ ಕಟ್ಟಿದ ಒತ್ತಾದ ಬಟ್ಟೆಯಲ್ಲಿ ನಿಂತುಬಿಡುತ್ತವೆ. ಸೋಸುವಿಕೆ, ಬಾವಿಗಳ ಸುಧಾರಣೆ ಇವುಗಳಿಂದಾಗಿ ಭಾರತದಲ್ಲಿ 1996ರಲ್ಲಿ ಕೊನೆಯ ರೋಗಿ ಕಂಡುಬಂದು, 2000ದಲ್ಲಿ ದೇಶವು ಈ ರೋಗದಿಂದ ಮುಕ್ತವೆಂದು ಘೋಷಿತವಾಯಿತು. ಒಂದು ತುಂಡು ಬಟ್ಟೆಯ ಮಹಿಮೆ ಸಾಮಾನ್ಯವಲ್ಲ.

ಇನ್ನು ಕಲ್ಯಾಣಕ್ಕೆ ಬರೋಣ. ಶರಣರು ಅಲ್ಲಿ ನೆರೆಯುವುದಕ್ಕೆ ಒಂದು ತಲೆಮಾರು ಮೊದಲು, 1126ರಿಂದ 1138ರವರೆಗೆ, ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಆಳುತ್ತಿದ್ದನು. ಅವನ ಮಾನಸೋಲ್ಲಾಸದಲ್ಲಿ ರಾಜನು ಅನುಭವಿಸತಕ್ಕ ಭೋಗಗಳ ಪೈಕಿ ಪಾನೀಯಭೋಗಕ್ಕೆಂದೇ ಒಂದು ಭಾಗ ಮೀಸಲಾಗಿದೆ. ಯಾವ ಋತುವಿನಲ್ಲಿ ಯಾವ ಮೂಲದ ನೀರು ಹಿತ, ಅದಕ್ಕೆ ಪರಿಮಳ ಕೂಡಿಸುವುದು ಹೇಗೆ ಎಂಬ ವಿವರಗಳು ಅಲ್ಲಿವೆ. ಅದೇ ಕಾಲದ ಕನ್ನಡನಾಡಿನ ಶಾಸನಗಳಲ್ಲಿ ಕೆರೆ, ಬಾವಿ, ಸತ್ರಗಳ ಜೊತೆಗೆ ಅರವಟ್ಟಿಗೆಯ ಮಾತು ಬರುತ್ತದೆ. ದಾರಿಹೋಕರಿಗೆ ಬೆಲೆಯಿಲ್ಲದೆ ನೀರು ಕೊಡುವ ಚಪ್ಪರವೇ ಅರವಟ್ಟಿಗೆ. ಹೆಸರಿನ ಮೊದಲ ಭಾಗವಾದ ಅರ ಎಂಬುದು ಹಳಗನ್ನಡದಲ್ಲಿ ಧರ್ಮ ಎಂಬ ಅರ್ಥದ ಅಚ್ಚಗನ್ನಡ ಪದ. ಅರಸನ ನೀರಿಗೆ ಭೋಗವೆಂದೂ ದಾರಿಹೋಕನ ನೀರಿಗೆ ಧರ್ಮವೆಂದೂ ಹೆಸರಿಟ್ಟ ನಾಡು ಇದು.

ಅರವಟ್ಟಿಗೆಯ ಪರಂಪರೆ ಬಹಳ ಹಳೆಯದು. ಅಶೋಕನು ದಾರಿಯುದ್ದಕ್ಕೂ ಬಾವಿ ತೋಡಿಸಿ, ನೀರು ಕುಡಿಯುವ ತಾಣಗಳನ್ನು ಮಾಡಿಸಿದುದನ್ನು ತನ್ನ ಏಳನೆಯ ಸ್ತಂಭಶಾಸನದಲ್ಲಿ ಹೇಳಿಕೊಂಡಿದ್ದಾನೆ. ಬಾಣನ ಹರ್ಷಚರಿತೆಯಲ್ಲಿ ವಿಂಧ್ಯಾಟವಿಯ ಅಂಚಿನ ಹಳ್ಳಿಯೊಂದರ ನೀರಿನ ಚಪ್ಪರಗಳ ವರ್ಣನೆ ಬಗೆಬಗೆಯ ಮಣ್ಣಿನ ಪಾತ್ರೆಗಳ ಸಮೇತ ಬರುತ್ತದೆ. ಶಾತವಾಹನ ಹಾಲನ ಹೆಸರಿನಲ್ಲಿರುವ ಪ್ರಾಕೃತ ಗಾಥಾಸಪ್ತಶತಿಯಲ್ಲಂತೂ ಒಂದು ಚಿತ್ರ ಬಲು ಸೊಗಸು. ಬೊಗಸೆಯೊಡ್ಡಿದ ಪಥಿಕನು ನೀರೆರೆಯುವವಳ ಮುಖವನ್ನು ನೋಡುತ್ತ ಬೆರಳುಗಳನ್ನು ಸಡಿಲಿಸಿ ನೀರು ಸೋರಗೊಡುತ್ತಾನೆ. ಅವಳೂ ಅದನ್ನರಿತು ಧಾರೆಯನ್ನು ತೆಳುವಾಗಿಸುತ್ತಾಳೆ. ರಸಿಕರು ಶೃಂಗಾರಕ್ಕಾಗಿ ಮೆಚ್ಚುವ ಈ ಚಿತ್ರದಲ್ಲಿ ಚರಿತ್ರೆಯ ವಿದ್ಯಾರ್ಥಿಗೆ ಬೇರೊಂದು ಸಂಗತಿ ಕಾಣುತ್ತದೆ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಅರವಟ್ಟಿಗೆಯಲ್ಲಿ ನೀರನ್ನು ಮೇಲಿನಿಂದ ಬೊಗಸೆಗೆ ಎರೆಯುತ್ತಿದ್ದರು. ಕುಡಿಯುವವನು ಪಾತ್ರೆಯನ್ನು ಮುಟ್ಟುತ್ತಿರಲಿಲ್ಲ.

ಹೀಗೆ ಎರೆಯುವುದಕ್ಕೆ ಎಂಜಲಿನ ಅಳುಕೂ ಕಾರಣವಿದ್ದೀತು. ಗಿಂಡಿಯ ಸೊಂಡಿಲು, ಸುರಾಯಿಯ ಕೊರಳು, ತಂಬಿಗೆಯನ್ನು ಎತ್ತಿ ಕುಡಿಯುವ ಅಭ್ಯಾಸ ಇವೆಲ್ಲ ತುಟಿ ತಾಗದಂತೆ ಕುಡಿಯಲು ಒದಗುವಂಥವು. ಹತ್ತು ಜನ ಬಳಸುವ ಪಾತ್ರೆಗೆ ಇದು ಒಳ್ಳೆಯ ನಿಯಮವೇ ಸರಿ. ಆದರೆ ಎರೆಯುವ ಧಾರೆಯ ಎತ್ತರವು ಎಲ್ಲರಿಗೂ ಒಂದೇ ಆಗಿರಲಿಲ್ಲ. ಅದರ ಕಾರಣವನ್ನು ತಿಳಿಯಲು ಧರ್ಮಶಾಸ್ತ್ರ ಮತ್ತು ವ್ಯಾಕರಣಗಳನ್ನು ನೋಡಬೇಕಾಗುತ್ತದೆ.

ವ್ಯಾಕರಣವೇ ಎಂದು ಓದುಗರು ಬೆರಗಾಗಬಹುದು. ಪಾಣಿನಿಯ ಅಷ್ಟಾಧ್ಯಾಯಿಯ ಎರಡನೆಯ ಅಧ್ಯಾಯದಲ್ಲಿ ಶೂದ್ರವಾಚಕ ಪದಗಳ ದ್ವಂದ್ವಸಮಾಸವನ್ನು ಕುರಿತ ಒಂದು ಸೂತ್ರವಿದೆ. ಅದರಲ್ಲಿ ಹೊರಗಿಡಲ್ಪಡದ ಶೂದ್ರರು ಎಂಬ ವಿಶೇಷಣ ಬರುತ್ತದೆ. ಯಾವುದರಿಂದ ಹೊರಗೆ? ಕ್ರಿ.ಪೂ. 2ನೆಯ ಶತಮಾನದ ಪತಂಜಲಿ ತನ್ನ ಮಹಾಭಾಷ್ಯದಲ್ಲಿ ಈ ಪ್ರಶ್ನೆಯನ್ನು ನಾಲ್ಕಾರು ಬಗೆಯಲ್ಲಿ ಚರ್ಚಿಸಿ, ಕೊನೆಗೆ ಪಾತ್ರೆಯ ಮೇಲೆ ತೀರ್ಮಾನವನ್ನು ನಿಲ್ಲಿಸುತ್ತಾನೆ. ಯಾರು ಉಂಡ ಪಾತ್ರೆ ಸಂಸ್ಕಾರದಿಂದ ಶುದ್ಧವಾಗುವುದೋ ಅವರು ಒಳಗಿನವರು. ಸಂಸ್ಕಾರ ಮಾಡಿದರೂ ಶುದ್ಧವಾಗದೋ ಅವರು ಹೊರಗಿನವರು. ಒಳಗಿನವರಿಗೆ ಅವನು ಕೊಡುವ ಉದಾಹರಣೆಗಳಲ್ಲಿ ಬಡಗಿ, ಕಮ್ಮಾರ, ಅಗಸ, ನೇಕಾರರು ಬರುತ್ತಾರೆ. ಹೊರಗಿನವರಿಗೆ ಚಂಡಾಲ, ಮೃತಪರು. ಮನುಷ್ಯನನ್ನು ಅಳೆಯಲು ಪಾತ್ರೆಯೇ ಮಾನದಂಡವಾದುದರ ಇದಕ್ಕಿಂತ ಸ್ಪಷ್ಟವಾದ ಹಳೆಯ ದಾಖಲೆಯನ್ನು ಹುಡುಕುವುದು ಕಷ್ಟ.

ಮನುಸ್ಮೃತಿಯ ಐದನೆಯ ಅಧ್ಯಾಯ ಇದನ್ನು ವಸ್ತುಗಳ ಕಡೆಯಿಂದ ವಿವರಿಸುತ್ತದೆ. ಲೋಹದ ಪಾತ್ರೆಯನ್ನು ಬೂದಿ, ಹುಳಿ, ನೀರುಗಳಿಂದ ಉಜ್ಜಿ ಶುದ್ಧಗೊಳಿಸಬಹುದು. ಮಣ್ಣಿನ ಪಾತ್ರೆಯನ್ನು ಮತ್ತೆ ಸುಡಬೇಕು. ಮದ್ಯ, ಮಲಮೂತ್ರಾದಿಗಳು ತಾಗಿದ್ದರೆ ಮತ್ತೆ ಸುಟ್ಟರೂ ಅದು ಶುದ್ಧವಾಗದು. ಏಳನೆಯ ಶತಮಾನದಲ್ಲಿ ಭಾರತಕ್ಕೆ ಬಂದು ಇಮ್ಮಡಿ ಪುಲಕೇಶಿಯ ನಾಡನ್ನೂ ಕುರಿತು ಬರೆದ ಹ್ಯುಯೆನ್‌ತ್ಸಾಂಗನು ಇದನ್ನು ಕಣ್ಣಾರೆ ಕಂಡಿದ್ದಾನೆ. ಉಂಡ ಮೇಲೆ ಮಣ್ಣಿನ, ಮರದ ಪಾತ್ರೆಗಳನ್ನು ಎಸೆಯುತ್ತಾರೆ, ಲೋಹದವನ್ನು ಉಜ್ಜಿ ಹೊಳಪಿಸುತ್ತಾರೆ ಎಂಬುದು ಅವನ ಬರಹದ ಸಾರ. ಅದೇ ಶತಮಾನದ ಕೊನೆಯಲ್ಲಿ ಬಂದ ಇತ್ಸಿಂಗನು ಬೌದ್ಧ ಭಿಕ್ಷುಗಳ ರೂಢಿಯನ್ನು ಬರೆದಿದ್ದಾನೆ. ಭಿಕ್ಷುಗಳ ಬಳಿ ಎರಡು ನೀರಿನ ಪಾತ್ರೆ. ಕುಡಿಯುವ ಶುದ್ಧಜಲಕ್ಕೆ ಮಣ್ಣಿನದು, ಶೌಚದ ನೀರಿಗೆ ತಾಮ್ರದ ಅಥವಾ ಕಬ್ಬಿಣದ್ದು. ಒಂದೇ ನಾಡು, ಒಂದೇ ಶತಮಾನ. ಒಬ್ಬರಿಗೆ ಬೇಗ ಕೆಡುವ ಮಣ್ಣು ಇನ್ನೊಬ್ಬರಿಗೆ ಶುದ್ಧಜಲದ ನೆಲೆ.

ಇದೆಲ್ಲ ಆರೋಗ್ಯದ ನಿಯಮವೆಂದು ಸಮರ್ಥಿಸುವವರು ಹಿಂದೆಯೂ ಇದ್ದರು, ಇಂದೂ ಇದ್ದಾರೆ. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಮಣ್ಣು ಹೀರುತ್ತದೆ, ಲೋಹ ಹೀರುವುದಿಲ್ಲ. ಎಣ್ಣೆ ಜಿಡ್ಡು ಸೇರಿದ ಮಡಕೆಯನ್ನು ತೊಳೆದು ಪೂರ್ತಿ ಹಸನುಗೊಳಿಸಲಾಗದು. ತಾಮ್ರಕ್ಕೆ ಇನ್ನೂ ಒಂದು ಗುಣವುಂಟು: ಬೆಂಗಳೂರಿನ ಸಂಶೋಧಕರು ಇತರರೊಡನೆ ಸೇರಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಾಮ್ರದ ಕೊಡದಲ್ಲಿ 16 ಗಂಟೆ ಇಟ್ಟ ನೀರಿನಲ್ಲಿ ಅತಿಸಾರದ ರೋಗಾಣುಗಳು ಸತ್ತಿರುವುದು ಕಂಡುಬಂದಿತು. ಇಷ್ಟನ್ನು ಒಪ್ಪಿಕೊಳ್ಳೋಣ. ಆದರೆ ಪತಂಜಲಿಯ ಮಾತು ಪಾತ್ರೆಯಲ್ಲಿ ಏನಿತ್ತೆಂದು ಕೇಳುವುದಿಲ್ಲ, ಯಾರು ಉಂಡರೆಂದು ಕೇಳುತ್ತದೆ. ಬೂದಿಯಿಂದ ಉಜ್ಜಿದರೂ ಹೋಗದ ಕೊಳೆ ಯಾವುದು? ಅದು ಮಣ್ಣಿನ ರಂಧ್ರದಲ್ಲಿ ಕುಳಿತದ್ದಲ್ಲ. ಇನ್ನೂ ಒಂದು ವಿಚಿತ್ರವಿದೆ. ಕುಶಲಕರ್ಮಿಯ ಕೈ ಯಾವಾಗಲೂ ಶುದ್ಧವೆಂದು ಅದೇ ಮನುಸ್ಮೃತಿಯ ಅದೇ ಅಧ್ಯಾಯ ಹೇಳುತ್ತದೆ. ಕುಂಬಾರನು ಕಾಲಿನಿಂದ ತುಳಿದು, ಕೈಯಿಂದ ತಟ್ಟಿ, ಹೆಗಲ ಮೇಲೆ ಹೊತ್ತು ತಂದ ಕೊಡ ಪೂಜೆಯ ಕಲಶಕ್ಕೂ ಮದುವೆಯ ಐರಾಣಿಗೂ ಸಲ್ಲುತ್ತದೆ. ನೀರು ತುಂಬಿದ ಮೇಲೆ ಅದೇ ಕೈ ತಾಗಿದರೆ ಎಷ್ಟೋ ಮನೆಗಳಲ್ಲಿ ಆ ನೀರನ್ನು ಚೆಲ್ಲುತ್ತಿದ್ದರು. ಮಣ್ಣಿನಲ್ಲಿಯಾಗಲಿ ಕೈಯಲ್ಲಿಯಾಗಲಿ ನೀರಿನಲ್ಲಿಯಾಗಲಿ ದೋಷವಿಲ್ಲ, ಅವು ಮೂರೂ ಸೇರಿದ ಗಳಿಗೆಯಲ್ಲಿ ಮಾತ್ರ ದೋಷ ಹುಟ್ಟುತ್ತದೆ ಎಂಬ ತರ್ಕವನ್ನು ಯಾವ ಆರೋಗ್ಯಶಾಸ್ತ್ರವೂ ಸಮರ್ಥಿಸಲಾರದು.

ಕುಂಬಾರರ ಬಾಳಿಗೆ ಈ ಮೈಲಿಗೆಯಿಂದ ಒಂದು ಲಾಭವೂ ಇತ್ತೆನ್ನಬೇಕು. ಗ್ರಹಣ ಬಂದಿತೆಂದು, ಸೂತಕ ಬಂದಿತೆಂದು, ಯಾರೋ ಮುಟ್ಟಿದರೆಂದು ಮಡಕೆಗಳು ಹೊರಬೀಳುತ್ತಿದ್ದವು, ಹೊಸವು ಮನೆಗೆ ಬರುತ್ತಿದ್ದವು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯಲ್ಲಿ ದೊಣ್ಣೆಯ ಜಾಗದಲ್ಲಿ ಶಾಸ್ತ್ರವನ್ನು ಇಟ್ಟರೂ ಅರ್ಥ ಕೆಡದು. ಅನುಕೂಲವಿದ್ದ ಮನೆಗಳು ಈ ಖರ್ಚನ್ನು ತಪ್ಪಿಸಿಕೊಳ್ಳಲು ತಾಮ್ರ ಹಿತ್ತಾಳೆಗಳತ್ತ ಹೊರಳಿದವು. ನಾಗಮಂಗಲ, ಶ್ರವಣಬೆಳಗೊಳಗಳ ಹಿತ್ತಾಳೆಯ ಬಿಂದಿಗೆ, ಹಂಡೆ, ಕೊಪ್ಪರಿಗೆಗಳು ಮಗಳ ಬಳುವಳಿಯ ಭಾಗವಾದವು. ಹುಣಸೆಹಣ್ಣಿನಿಂದ ಬೆಳಗಿದರೆ ಮೈಲಿಗೆ ಹೋಗುತ್ತಿತ್ತು. ಬೇಸಿಗೆಯಲ್ಲಿ ನೀರು ಬೆಚ್ಚಗಿರುತ್ತಿತ್ತು, ಅದು ಬೇರೆ ಮಾತು.

ಕಲ್ಯಾಣದ ಶರಣರು ಮುಟ್ಟಿದ್ದು ಈ ಗಂಟನ್ನೇ. ಪತಂಜಲಿ ಎಣಿಸಿದ ಕಮ್ಮಾರ, ಅಗಸ, ನೇಕಾರರ ಕಾಯಕಗಳನ್ನು ಬಸವಣ್ಣನವರು ಬೇರೊಂದು ಸಾಲಿನಲ್ಲಿ ಎಣಿಸಿ, ಕುಲವು ಕೆಲಸದಿಂದ ಬಂದ ಹೆಸರೇ ಹೊರತು ಹುಟ್ಟಿನ ಗುರುತಲ್ಲವೆಂದು ತೋರಿದ ವಚನ ಓದುಗರಿಗೆ ಕಂಠಸ್ಥವಾಗಿದೆ. ಶೌಚಕ್ಕೂ ಆಚಮನಕ್ಕೂ ಜಲ ಬೇರೆಯಲ್ಲವೆಂಬ ಭಾವದ ಅವರ ಇನ್ನೊಂದು ವಚನವನ್ನು ನಾವು ಬಹುಮಟ್ಟಿಗೆ ತಾತ್ವಿಕವಾಗಿ ವ್ಯಾಖ್ಯಾನಿಸುತ್ತೇವೆ. ಅಂದಿನ ಮನೆಯೊಂದರ ನೀರಿನ ಮೂಲೆಯನ್ನು ಕಣ್ಣಮುಂದೆ ತಂದುಕೊಂಡು ಓದಿದರೆ ಅದು ನೇರವಾಗಿ ಕೊಡದ ಮಾತು. ಮಡಿಯ ನೀರು, ಬಳಕೆಯ ನೀರು, ಹೊರಗಿನವರಿಗೆ ಎರೆಯುವ ನೀರು ಎಂದು ಮೂರು ಕಡೆ ಮೂರು ಪಾತ್ರೆ ಇಟ್ಟ ಸಮಾಜಕ್ಕೆ ಹೇಳಿದ ಮಾತು. ಕುಂಬಾರನನ್ನೂ ನೀರು ಹೊರುವವನನ್ನೂ ಹೆಸರಿಟ್ಟು ಶರಣರೆಂದು ಕರೆದುದರ ತೂಕ ಆಗ ತಿಳಿಯುತ್ತದೆ.

ಆದರೆ ವಚನಗಳನ್ನು ಹಾಡುವ ಮನೆಗಳಲ್ಲಿಯೂ ಕೊಡ ಮುಟ್ಟಗೊಡದ ವಾಡಿಕೆ ಶತಮಾನಗಳ ಕಾಲ ನಡೆದುಬಂದಿತು. ಊರ ಬಾವಿಯ ಕಟ್ಟೆಯ ಕೆಳಗೆ ಬರಿಗೊಡ ಇಟ್ಟುಕೊಂಡು, ಮೇಲಿನವರು ಯಾರಾದರೂ ಸೇದಿ ಎರೆದಾರೆಂದು ಬಿಸಿಲಿನಲ್ಲಿ ಕಾಯುತ್ತಿದ್ದ ತಾಯಂದಿರು ಬಸವಣ್ಣನವರ ನಾಡಿನವರೇ. ಸತ್ಯವನ್ನು ಮರೆಮಾಚಿ ಶರಣರ ಮಹಿಮೆಯನ್ನು ಹೇಳಬೇಕಾದ ಅಗತ್ಯವಿಲ್ಲ. ಈ ವಿಷಯದಲ್ಲಿ ಸೋತದ್ದು ಅವರಲ್ಲ.

ಮಣ್ಣಿನ ಗಡಿಗೆಗೆ ಇನ್ನೂ ಹೀನವಾದ ಕೆಲಸವೂ ಬಂದಿತ್ತು. ಪೇಶ್ವೆಯರ ಕಾಲದ ಪುಣೆಯಲ್ಲಿ ಅಸ್ಪೃಶ್ಯನು ತನ್ನ ಉಗುಳು ನೆಲಕ್ಕೆ ಬೀಳದಂತೆ ಕೊರಳಿಗೆ ಮಣ್ಣಿನ ಗಡಿಗೆಯನ್ನು ಕಟ್ಟಿಕೊಂಡು ನಡೆಯಬೇಕಾಗಿತ್ತೆಂದು ಡಾ. ಬಿ.ಆರ್. ಅಂಬೇಡ್ಕರ್ ಅವರು 1936ರ ತಮ್ಮ ಜಾತಿವಿನಾಶ ಕುರಿತ ಕೃತಿಯಲ್ಲಿ ಬರೆದಿದ್ದಾರೆ. ಅದಕ್ಕೂ ಮೊದಲು, 1927ರ ಮಾರ್ಚ್ 20ರಂದು, ಮಹಾಡದ ಚವದಾರ ಕೆರೆಗೆ ಸಾವಿರಾರು ಜನರೊಡನೆ ನಡೆದುಹೋಗಿ ಅವರು ನೀರು ಕುಡಿದರು. ಆಮೇಲೆ ನಡೆದುದು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು. ಕೆರೆಯನ್ನು ಶುದ್ಧಗೊಳಿಸಲು ಸವರ್ಣೀಯರು 108 ಮಣ್ಣಿನ ಕೊಡಗಳಿಂದ ನೀರನ್ನು ತೆಗೆದು, ಹಾಲು, ಮೊಸರು, ಸಗಣಿ, ಗೋಮೂತ್ರಗಳನ್ನು ಆ ಕೊಡಗಳಲ್ಲಿ ತುಂಬಿ ಮಂತ್ರಘೋಷದೊಡನೆ ಕೆರೆಯಲ್ಲಿ ಮುಳುಗಿಸಿದರು. ಮುಟ್ಟಿದರೆ ತಾನೇ ಕೆಡುವುದೆಂದು ಶಾಸ್ತ್ರ ಹೇಳಿದ ಮಣ್ಣಿನ ಕೊಡವೇ ಒಂದು ಕೆರೆಯನ್ನು ಶುದ್ಧಗೊಳಿಸುವ ಸಾಧನವಾಯಿತು!

ಸ್ವತಂತ್ರ ಭಾರತದ ಸಂವಿಧಾನ 15ನೆಯ ವಿಧಿಯಲ್ಲಿ ಬಾವಿ ಕೆರೆಗಳನ್ನು ಹೆಸರಿಸಿತು, 17ನೆಯ ವಿಧಿಯಲ್ಲಿ ಅಸ್ಪೃಶ್ಯತೆಯನ್ನು ತೊಡೆದುಹಾಕಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಇನ್ನೂ ಸೂಕ್ಷ್ಮಕ್ಕೆ ಇಳಿಯಿತು. ಸಾರ್ವಜನಿಕ ಹೋಟೆಲು, ಧರ್ಮಶಾಲೆಗಳಲ್ಲಿ ಇಟ್ಟಿರುವ ಪಾತ್ರೆಗಳ ಬಳಕೆಯನ್ನು ಯಾರಿಗೂ ತಡೆಯಕೂಡದೆಂದು ಅದರ ನಾಲ್ಕನೆಯ ಪ್ರಕರಣದಲ್ಲಿ ಬರೆಯಲಾಯಿತು. ಪಾತ್ರೆಯಿಂದ ಮನುಷ್ಯನನ್ನು ಅಳೆದ ಪತಂಜಲಿಯ ವಾಕ್ಯಕ್ಕೆ ಎರಡು ಸಾವಿರ ವರ್ಷಗಳ ಮೇಲೆ ಬಂದ ಉತ್ತರವೆಂದೇ ಈ ಸಾಲನ್ನು ಓದಬೇಕು.

ಮಣ್ಣಿನ ಪಾತ್ರೆಗಳು ಈ ನಡುವೆ ಮನೆಗಳಿಂದ ಹೊರಟುಹೋಗುತ್ತಿದ್ದವು. ಅಲ್ಯೂಮಿನಿಯಂ ಬಂದಿತು, ಸ್ಟೀಲು ಬಂದಿತು, ಬಣ್ಣಬಣ್ಣದ ಪ್ಲಾಸ್ಟಿಕ್ ಕೊಡ ಬಂದಿತು. ಪ್ಲಾಸ್ಟಿಕ್ ಒಡೆಯದು, ಭಾರವಿಲ್ಲ, ಬೆಲೆಯೂ ಕಡಿಮೆ. ಮೈಲುಗಟ್ಟಲೆ ನೀರು ಹೊರುವ ಹೆಂಗಸರಿಗೆ ಅದು ಉಪಕಾರಿಯೇ. ಅದಕ್ಕೆ ರಂಧ್ರವಿಲ್ಲ, ಆದುದರಿಂದ ತಂಪೂ ಇಲ್ಲ. ಶಾಸ್ತ್ರದ ಲೆಕ್ಕದಲ್ಲಿ ಹೀರಿಕೊಳ್ಳುವ ಗುಣವೇ ಇಲ್ಲದ ವಸ್ತುವಾದುದರಿಂದ ಅದರೊಡನೆ ಮೈಲಿಗೆಯೂ ಹೋಗಬೇಕಾಗಿತ್ತು. ಹೋಗಲಿಲ್ಲ. 2022ರ ನವೆಂಬರಿನಲ್ಲಿ ಚಾಮರಾಜನಗರ ಜಿಲ್ಲೆಯ ಹೆಗ್ಗೊಠಾರ ಗ್ರಾಮದಲ್ಲಿ, ಮದುವೆಗೆಂದು ಬಂದಿದ್ದ ದಲಿತ ಮಹಿಳೆಯೊಬ್ಬರು ಬೀದಿಯ ತೊಂಬೆಯ ನಲ್ಲಿಯಿಂದ ನೀರು ಕುಡಿದರು. ತೊಂಬೆಯ ನೀರನ್ನೆಲ್ಲ ಹರಿಯಬಿಟ್ಟು ಗೋಮೂತ್ರದಿಂದ ತೊಳೆದ ಸಂಗತಿ ಪತ್ರಿಕೆಗಳಲ್ಲಿ ವರದಿಯಾಯಿತು. ಅಧಿಕಾರಿಗಳು ಬಂದು ಊರಿನ ದಲಿತರನ್ನು ಕರೆದುಕೊಂಡು ತೊಂಬೆಯಿಂದ ತೊಂಬೆಗೆ ನಡೆದು ಎಲ್ಲೆಡೆ ನೀರು ಕುಡಿಸಿದರು. ಮಹಾಡದಿಂದ ಇಲ್ಲಿಗೆ ತೊಂಬತ್ತೈದು ವರ್ಷ. ಆ ತಾಯಿ ತೊಂಬೆಯೊಳಗೆ ಕೈ ಅದ್ದಿರಲಿಲ್ಲ, ನಲ್ಲಿಯನ್ನು ತಿರುಗಿಸಿದ್ದರಷ್ಟೇ.

ಬೇಸಿಗೆ ಬಂದೊಡನೆ ಬಿಸಿಲುನಾಡಿನ ಬಸ್ ನಿಲ್ದಾಣಗಳ ಬಳಿ, ಜಾತ್ರೆಯ ದಾರಿಗಳಲ್ಲಿ ಇಂದಿಗೂ ಅರವಟ್ಟಿಗೆಗಳು ಏಳುತ್ತವೆ. ತೆಂಗಿನ ಗರಿಯ ಚಪ್ಪರದ ಕೆಳಗೆ ಮರಳು ಹಾಸಿ, ಒದ್ದೆ ಗೋಣಿತಟ್ಟು ಸುತ್ತಿದ ಹರವಿಗಳನ್ನು ಸಾಲಾಗಿ ಇಡುತ್ತಾರೆ. ಕುಂಬಾರರು ಈಗ ಹರವಿಯ ಬುಡದಲ್ಲಿ ತೂತು ಬಿಟ್ಟು ನಲ್ಲಿ ಕೂರಿಸಿಕೊಡುತ್ತಾರೆ. ಪಟ್ಟಣಗಳಲ್ಲಿ ರಸ್ತೆಯ ಬದಿಯ ಮಾರಾಟದಲ್ಲಿ ನಲ್ಲಿಯ ಮಡಕೆಯನ್ನೇ ಜನ ಕೇಳಿ ಕೊಳ್ಳುತ್ತಾರೆ. ಎರೆಯುವವರು ಬೇಕಾಗಿಲ್ಲ. ನಲ್ಲಿಯ ಪಕ್ಕದಲ್ಲಿ ಒಂದು ಸ್ಟೀಲಿನ ಲೋಟವನ್ನು ಸರಪಳಿಯಿಂದ ಬಿಗಿದಿರುತ್ತಾರೆ, ಕಳುವಾಗದಿರಲೆಂದು. ಅದೊಂದೇ ಲೋಟದಲ್ಲಿ ಬಂದವರು ಬಂದಂತೆ ಎತ್ತಿ ಕುಡಿದು, ಉಳಿದ ಗುಟುಕನ್ನು ಚಪ್ಪರದ ಬುಡದ ಬೇವಿನ ಸಸಿಗೆ ಚೆಲ್ಲಿ ಮುಂದೆ ಹೋಗುತ್ತಾರೆ.